ಸುಂಕದಕಟ್ಟೆ

ಕಾರ್ಮಾರ್ಥನ್ ಪೇಟೆಯ ಹಿಂದಿನ ಬೀದಿ,
ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿ, ಅದರ ಮೇಲಿನ ಕೋಣೆ.
ಬೆಳಗಿನ ಆರೂವರೆ.
ಹಾಲಿನ ಟ್ಯಾಂಕರು ನಿಲ್ಲಿಸಿ ಬಂದ ಹೆವಿನ್
ಮೈಮೇಲಿನ ಹಳದಿ ಕೋಟು ಕೂಡ ಬಿಚ್ಚದೆ ಫಾರಂ ತುಂಬುತ್ತಿದ್ದಾನೆ.
ನಾಲ್ಕು ವರ್ಷದ ಆಟ, ಇನ್ನೊಂದೇ ಗುಂಡಿ ದೂರ.
ಗುಂಡಿಯ ಕೆಳಗೆ ಸಣ್ಣಕ್ಷರ:
ನೂರು ಡಾಲರ್. ಮೊದಲು ಕೊಡಿ.

ಆಟ ಏನು ಅಂದರೆ, ಇದೇ ಸೀಮೆಯ ಹಳೇ ಸಂಗತಿ.
ಗಾಡಿ ಸುಣ್ಣಕ್ಕೆ ಸುಂಕ, ಇಪ್ಪತ್ತು ಕುರಿಗಿಷ್ಟು ಸುಂಕ,
ನಾಲ್ಕು ಹೆಜ್ಜೆಗೊಂದು ಅಡ್ಡಗೇಟು.
ತಡೆಯಲಾರದೆ ಒಂದು ರಾತ್ರಿ ಗಂಡಸರು
ಹೆಂಡಂದಿರ ಲಂಗ ತೊಟ್ಟು ಕೊಡಲಿ ಹಿಡಿದು ಬಂದರು.
ಮುಂದಾಳಿಗೆ ರೆಬೆಕ್ಕಾ ಅಂತ ಹೆಸರು.
ಕಣ್ಣು ಕಾಣದ ಮುದುಕಿಯ ಹಾಗೆ ಗೇಟು ತಡವಿ,
"ಮಕ್ಕಳಿರಾ, ಏನೋ ಅಡ್ಡ ಬಂದಿದೆಯಲ್ಲ!"
ಅಷ್ಟು ಸಾಕು, ಉಳಿದದ್ದು ಸೌದೆ.

ಆ ಮುದುಕಿಯ ದನಿ ಹೆವಿನ್‌ನ ಸೋದರತ್ತೆ ಮೆರೆರಿಡ್‌ದು.
ಸದ್ದು ನನ್ನದು.
ನಾನು ದುಡಿಯುವ ಔಷಧದಂಗಡಿಯ ಹಿಂದಿನ ಷಟರು
ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ.
ಎಳೆದೂ ಎಳೆದೂ ಫೋನಿನಲ್ಲಿ ಹಿಡಿದೆವು,
ಅದರ ಹದಿನೇಳು ಕಿರುಚು ಈಗ ಹದಿನೇಳು ಗೇಟು.

"ಗೇಟು ಮುರಿಯುವ ಆಟಕ್ಕೆ ಗೇಟಿನ ದುಡ್ಡು," ಅಂತ ನಕ್ಕೆ.
ಅವನು ನಗಲಿಲ್ಲ. ಶುಕ್ರವಾರ ಬಾಡಿಗೆ.
"ಇರಲಿ ಬಿಡು," ಅಂದ,
"ಬಾಗಿಲು ಹಾರು ಹೊಡೆದರೆ ಬೆಳಗಾಗೋದರಲ್ಲಿ ರಾಶಿ ಕಸ,
ಅದರಡಿ ನಮ್ಮದನ್ನು ಯಾರು ಹುಡುಕುತ್ತಾರೆ?
ಸಾವಿರ ಡಾಲರಿನ ಮಾಲು ಹೋದರೆ ನೂರು ವಾಪಸ್ಸು ಬೇರೆ."
ಹೌದು. ನ್ಯಾಯವೇ ಇರಬೇಕು.
ಗೆದ್ದವನ ಸುಂಕ ಮನೆಗೆ ಬರುತ್ತದೆ,
ಸೋತವನದು ಕಟ್ಟೆಯಲ್ಲೇ ಉಳಿಯುತ್ತದೆ.

ನಮ್ಮಲ್ಲೊಂದು ಗಾದೆ ಇದೆ ಅಂದೆ,
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.
ಬಿಡಿಸಿ ಹೇಳಿದೆ. ಅವನು ಅತ್ತೆಗೆ ಫೋನು ಹಚ್ಚಿದ,
ಆಕೆ ಅದನ್ನು ವೆಲ್ಷಿಗೆ ತಿರುಗಿಸಿ ಎರಡು ಸಲ ಅಂದುನೋಡಿ,
"ನಿಮ್ಮ ಕಡೆ ಪುಣ್ಯವಂತರು,
ಹೇಳಿಕೊಳ್ಳೋದಕ್ಕೆ ಒಬ್ಬನಾದರೂ ಇದ್ದ," ಅಂದಳು.

ಇದ್ದ. ಎಲ್ಲೋ ಇದ್ದಿರಬೇಕು.
ಮಾಗಡಿ ರಸ್ತೆಯಲ್ಲಿ ನಾನು ಬೆಳೆದ ಜಾಗಕ್ಕೆ ಸುಂಕದಕಟ್ಟೆ ಅಂತಲೇ ಹೆಸರು.
ದಿನಾ ಅಲ್ಲೇ ಬಸ್ಸು ಹತ್ತಿದೆ;
ಕಟ್ಟೆ ಎಲ್ಲಿತ್ತೋ, ಕೂತವನು ಯಾರೋ,
ಒಬ್ಬರೂ ತೋರಿಸಲಿಲ್ಲ.
ಹೆಸರು ಮಾತ್ರ ಸುಂಕ ಕೊಡದೆ ದಾಟಿ ಬಂದಿದೆ.
ಅವನಿಗೂ ಚಳಿಯಾಗಿರಬೇಕು, ತಂಬಾಕು ಬೇಕಾಗಿರಬೇಕು,
ಮೂಟೆ ಹೊತ್ತ ಬಸುರಿ ಬಂದರೆ
ಆ ಕಡೆ ಮುಖ ತಿರುಗಿಸಿ ಕೆಮ್ಮಿರಬೇಕು.
ಇಲ್ಲಿ ಯಾರು ಕೆಮ್ಮುತ್ತಾರೆ?
ಕೊಡಲಿ ಬೀಸೋಣ ಅಂದರೆ ಮರವೂ ಇಲ್ಲ.

ಫಾರಂ ಕೇಳುತ್ತದೆ: ಆಟದಲ್ಲಿ ಹಿಂಸೆ ಇದೆಯೇ? ವಿವರಿಸಿ.
ಹೆವಿನ್ ಬಹಳ ಹೊತ್ತು ಗಲ್ಲ ಕೆರೆದು
ಎರಡೇ ಬೆರಳಿನಲ್ಲಿ ಕುಟ್ಟಿದ:
ಇದೆ. ಮರದ ಮೇಲೆ.

ಆಮೇಲೆ ಕಾರ್ಡಿನ ಹದಿನಾರು ಅಂಕಿ.
ಏಳನೆಯದು ತಪ್ಪಿ ಮತ್ತೆ ಮೊದಲಿಂದ.
ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತಿ, ಸುತ್ತಿ,
ಸಂದಾಯವಾಗಿದೆ, ಕಾಯಿರಿ, ಎಂದಿತು.

ಕೆಳಗೆ ಯಾರೋ ಬಂದ ಸದ್ದು.
ಚೀಲ ಇಟ್ಟರು, ಜೇಬು ತಡಕಿದರು,
ಕಾಸು ಒಂದೊಂದಾಗಿ ಒಳಗೆ ಬಿತ್ತು.
ಒಂದು ಗಳಿಗೆ ಏನೂ ಇಲ್ಲ.
ನಾವಿಬ್ಬರೂ ಉಸಿರು ಹಿಡಿದು ನೆಲ ನೋಡುತ್ತಿದ್ದೆವು.
ಆಮೇಲೆ ನೀರು ತುಂಬತೊಡಗಿತು.